ಮಂಡಿ ಕೀಲು ಬದಲಾವಣೆ: ಭಾಗವೋ, ಪೂರ್ಣವೋ?



ಐವತ್ತು ದಾಟಿದ ಬೆಳೆಗಾರರಲ್ಲಿ ಮಂಡಿ ನೋವಿಲ್ಲದವರು ಅಪರೂಪ. ಇಳಿಜಾರಿನ ತೋಟವನ್ನು ಹತ್ತಿ ಇಳಿದು, ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕಿತ್ತು, ಮೆಟ್ಟುಗತ್ತಿಯ ಮೇಲೆ ಹೊತ್ತುಗಟ್ಟಲೆ ಕುಳಿತು ಅಡಿಕೆ ಸುಲಿದು ಸವೆದ ಮಂಡಿಗಳು ನಮ್ಮವು.

ನಮ್ಮ ಸದಸ್ಯರೊಬ್ಬರು ಪತ್ನಿಯ ಮಂಡಿ ತೋರಿಸಲು ಬೆಂಗಳೂರಿಗೆ ಹೋಗಿ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿರುವ ಮಗನ ಮಾದನಾಯಕನಹಳ್ಳಿಯ ಬಾಡಿಗೆ ಮನೆಯಲ್ಲಿ ತಂಗಿದ್ದರು. ಒಬ್ಬ ವೈದ್ಯರು ಒಂದು ಭಾಗ ಬದಲಿಸಿದರೆ ಸಾಕೆಂದರು. ಇನ್ನೊಬ್ಬರು ಪೂರ್ತಿ ಬದಲಿಸಲೇಬೇಕೆಂದರು. ದಿಕ್ಕು ತೋಚದೆ ನಮ್ಮ ಕಚೇರಿಗೆ ಫೋನು ಮಾಡಿ, "ಸೆಕ್ರೆಟರಿಗಳೇ, ಇವರಿಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರು?" ಎಂದು ಕೇಳಿದರು. ಇದೇ ಪ್ರಶ್ನೆ ಇನ್ನೂ ಹಲವರ ಮುಂದೆ ಬರಬಹುದಾದ್ದರಿಂದ, ತಿಳಿದವರಿಂದ ಕೇಳಿ ಓದಿಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೂರು ಕೋಣೆಗಳ ಕೀಲು

ಮಂಡಿಯಲ್ಲಿ ಒಳಬದಿ, ಹೊರಬದಿ ಮತ್ತು ಮಂಡಿಚಿಪ್ಪಿನ ಹಿಂಬದಿ ಎಂದು ಮೂರು ಕೋಣೆಗಳುಂಟು. ಮೂಳೆಯ ತುದಿಗೆ ಹೊದಿಕೆಯಾಗಿರುವ ಮೆದುಮೂಳೆ ಸವೆದಾಗ ನೋವು ಹುಟ್ಟುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಮೊದಲು ಸವೆಯುವುದು ಒಳಬದಿ. ಕಾಲು ಬಿಲ್ಲಿನಂತೆ ಬಾಗುವುದು ಅದರಿಂದಲೇ.

ಪೂರ್ಣ ಬದಲಾವಣೆಯೆಂದರೆ ಮಂಡಿಯನ್ನೇ ಕತ್ತರಿಸಿ ತೆಗೆಯುವುದೆಂದು ಹಲವರು ಹೆದರುತ್ತಾರೆ. ಅದು ಹಾಗಲ್ಲ. ತೊಡೆಮೂಳೆಯ ಕೆಳತುದಿ ಮತ್ತು ಕಣಕಾಲು ಮೂಳೆಯ ಮೇಲ್ತುದಿಗಳನ್ನು ತೆಳುವಾಗಿ ಸವರಿ ಲೋಹದ ಹೊದಿಕೆ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಇಡುತ್ತಾರೆ. ಭಾಗಶಃ ಬದಲಾವಣೆಯಲ್ಲಿ ಇದೇ ಕೆಲಸವನ್ನು ಕೆಟ್ಟ ಕೋಣೆಗೆ ಮಾತ್ರ ಮಾಡಿ, ಉಳಿದೆರಡು ಕೋಣೆಗಳನ್ನೂ ಒಳಗಿನ ಕಟ್ಟುನಾರುಗಳನ್ನೂ ಹಾಗೆಯೇ ಉಳಿಸುತ್ತಾರೆ. ಇದು ಹೊಸ ವಿದ್ಯೆಯೇನಲ್ಲ; ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ರೂಪುಗೊಂಡ ಕೀಲನ್ನು ಒಳಬದಿಯ ಸವೆತಕ್ಕೆ 1982ರಿಂದಲೇ ಬಳಸುತ್ತಿದ್ದಾರೆ.

ಭಾಗ ಯಾರಿಗೆ ಸಲ್ಲುತ್ತದೆ?

ಕಾಫಿ ಗಿಡದ ಒಂದು ರೆಂಬೆ ಒಣಗಿದರೆ ರೆಂಬೆಯನ್ನಷ್ಟೇ ಕತ್ತರಿಸುತ್ತೇವೆ. ಬಿಳಿ ಕಾಂಡಕೊರಕ ನಡುಕಾಂಡಕ್ಕೆ ಹೊಕ್ಕಿದ್ದರೆ ಗಿಡವನ್ನೇ ಕಿತ್ತು ಸುಡದೆ ವಿಧಿಯಿಲ್ಲ. ಇಲ್ಲಿಯೂ ಹಾಗೆಯೇ. ಸವೆತ ಒಂದೇ ಕೋಣೆಯಲ್ಲಿರಬೇಕು. ಮುಂದಿನ ಅಡ್ಡ ಕಟ್ಟುನಾರು ಗಟ್ಟಿಯಾಗಿರಬೇಕು. ಕಾಲಿನ ವಕ್ರ ಕೈಯಿಂದ ಒತ್ತಿದಾಗ ನೇರವಾಗುವಂತಿರಬೇಕು. ಮಂಡಿ ಬಹುಮಟ್ಟಿಗೆ ಪೂರ್ತಿ ಚಾಚುವಂತಿರಬೇಕು. ಸಂಧಿವಾತದ ಜಾತಿಯ, ಇಡೀ ಕೀಲನ್ನೇ ಉರಿಸುವ ಕಾಯಿಲೆಯಿದ್ದವರಿಗೆ ಇದು ಸಲ್ಲದು.

ಲಾಭ ನಷ್ಟದ ಲೆಕ್ಕ

ಭಾಗಶಃ ಶಸ್ತ್ರಚಿಕಿತ್ಸೆಯಲ್ಲಿ ಗಾಯ ಚಿಕ್ಕದು, ರಕ್ತಸ್ರಾವ ಕಡಿಮೆ, ಚೇತರಿಕೆ ಬೇಗ. ನಡಿಗೆಯೂ ಸ್ವಂತ ಮಂಡಿಯಂತೆಯೇ ಇರುತ್ತದೆಂದು ಅನೇಕರು ಹೇಳುತ್ತಾರೆ. ಬ್ರಿಟನ್ನಿನಲ್ಲಿ ಒಳಬದಿ ಮಾತ್ರ ಸವೆದಿದ್ದ 528 ಮಂದಿಯನ್ನು ಐದು ವರ್ಷ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋವು ಮತ್ತು ಓಡಾಟದ ಮಟ್ಟಿಗೆ ಎರಡೂ ಹೆಚ್ಚುಕಡಿಮೆ ಸಮನಾಗಿದ್ದವು. ಭಾಗಶಃ ವಿಧಾನದ ಖರ್ಚು ಕಡಿಮೆಯಾಗಿತ್ತು.

ಆದರೆ ತಕ್ಕಡಿಗೆ ಇನ್ನೊಂದು ತಟ್ಟೆಯೂ ಇದೆ. ಅದೇ ವರ್ಷ ಪ್ರಕಟವಾದ ಮತ್ತೊಂದು ಲೆಕ್ಕದಂತೆ, 25 ವರ್ಷ ಬಾಳುವುದು ಪೂರ್ಣ ಕೀಲುಗಳಲ್ಲಿ ನೂರಕ್ಕೆ ಸುಮಾರು 82, ಭಾಗಶಃ ಕೀಲುಗಳಲ್ಲಿ ಸುಮಾರು 70. ಉಳಿಸಿದ ಕೋಣೆ ಮುಂದೆ ಸವೆದರೆ ಮತ್ತೆ ಕತ್ತಿಗೆ ಒಡ್ಡಿಕೊಳ್ಳಬೇಕು. ಅಪರೂಪಕ್ಕೊಮ್ಮೆ ಭಾಗಶಃ ಬದಲಾವಣೆ ಮಾಡುವವರ ಕೈಯಲ್ಲಿ ಈ ಮರುಚಿಕಿತ್ಸೆಯ ಸಂಭವ ಹೆಚ್ಚೆಂಬುದನ್ನೂ ಮರೆಯಬಾರದು.

ವೈದ್ಯರಲ್ಲಿ ಕೇಳತಕ್ಕ ಪ್ರಶ್ನೆಗಳು

1. ಎಕ್ಸ್‌ರೇಯನ್ನು ನಿಲ್ಲಿಸಿ ತೆಗೆದಿದ್ದಾರೆಯೇ? ಮಲಗಿಸಿ ತೆಗೆದದ್ದರಲ್ಲಿ ಮೈಭಾರ ಬೀಳದ ಕಾರಣ ಸವೆತ ಸರಿಯಾಗಿ ಕಾಣದು.
2. ನನ್ನ ಮಂಡಿಯ ಯಾವ ಯಾವ ಕೋಣೆ ಸವೆದಿದೆ? ಕಟ್ಟುನಾರು ಹೇಗಿದೆ?
3. ತಾವು ವರ್ಷಕ್ಕೆ ಎಷ್ಟು ಭಾಗಶಃ, ಎಷ್ಟು ಪೂರ್ಣ ಬದಲಾವಣೆ ಮಾಡುತ್ತೀರಿ?
4. ತೂಕ ಇಳಿಸುವುದು, ತೊಡೆಯ ವ್ಯಾಯಾಮ, ಊರುಗೋಲು ಇವುಗಳಿಂದ ಇನ್ನೂ ಕೆಲವು ಕಾಲ ತಳ್ಳಬಹುದೇ?

ಹೀಗೆ ಕೇಳಿದರೆ ವೈದ್ಯರಿಗೆ ಅಗೌರವವಾಗುವುದೆಂಬ ಸಂಕೋಚ ಬೇಡ. ಸಸಿ ಕೊಳ್ಳುವಾಗ ತಳಿ ಕೇಳುವ ನಾವು ಮಂಡಿಯ ವಿಷಯದಲ್ಲಿ ಮೌನವಾಗಿರುವುದು ಸರಿಯಲ್ಲ.

ಖರ್ಚಿನ ವಿಚಾರ

2017ರ ಆಗಸ್ಟ್ 16ರಂದು ಕೇಂದ್ರ ಸರ್ಕಾರ ಮಂಡಿ ಕೀಲುಗಳಿಗೆ ಗರಿಷ್ಠ ಬೆಲೆ ಗೊತ್ತುಮಾಡಿತು. ಆಗ ಆ ಖಾತೆಯ ಸಚಿವರಾಗಿದ್ದವರು ನಮ್ಮ ರಾಜ್ಯದವರೇ ಆದ ಅನಂತಕುಮಾರ್. ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಪೂರ್ಣ ಕೀಲಿಗೆ ಅಂದು ನಿಗದಿಯಾದದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಇದು ಕೀಲಿನ ಬೆಲೆ ಮಾತ್ರ. ಆಸ್ಪತ್ರೆಯ ಮತ್ತು ಶಸ್ತ್ರಚಿಕಿತ್ಸೆಯ ಖರ್ಚು ಬೇರೆ. ಬಿಲ್ಲಿನಲ್ಲಿ ಕೀಲಿನ ಹೆಸರು ಮತ್ತು ಬೆಲೆಯನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು. ಜಯನಗರದಲ್ಲಿರುವ ಸರ್ಕಾರಿ ಸಂಜಯ ಗಾಂಧಿ ಸಂಸ್ಥೆಯಲ್ಲಿಯೂ ಒಮ್ಮೆ ವಿಚಾರಿಸುವುದೊಳ್ಳೆಯದು. ಯಶಸ್ವಿನಿ ಕಾರ್ಡಿದ್ದವರು ಈ ಚಿಕಿತ್ಸೆ ಆ ವರ್ಷದ ಪಟ್ಟಿಯಲ್ಲಿದೆಯೇ ಎಂಬುದನ್ನು ದಾಖಲಾಗುವ ಮುನ್ನವೇ ತಿಳಿಯತಕ್ಕದ್ದು.

ಕಾಲ ಮತ್ತು ಮನೆ

ತುರ್ತಿಲ್ಲದಿದ್ದರೆ ಕಾಫಿ ಕೊಯ್ಲು ಮುಗಿದ ಮೇಲೆ ಮಾಡಿಸಿಕೊಳ್ಳುವುದು ಲೇಸು. ಊರುಗೋಲಿನ ಮೊದಲ ವಾರಗಳು ಮಳೆಗಾಲದ ಕೆಸರಿನಲ್ಲಿ ಬೀಳಬಾರದು. ಸಾಮಾನ್ಯ ಓಡಾಟಕ್ಕೆ ಆರು ವಾರದಿಂದ ಮೂರು ತಿಂಗಳು ಬೇಕು. ಪೂರ್ತಿ ಸುಧಾರಿಸಲು ವರ್ಷವೂ ಹಿಡಿದೀತು. ವ್ಯಾಯಾಮ ಬಿಟ್ಟರೆ ಒಳ್ಳೆಯ ಕೀಲೂ ಬಿಗಿದುಕೊಳ್ಳುತ್ತದೆ. ಮನೆಯಲ್ಲಿ ಕಮೋಡು, ಎತ್ತರದ ಮಂಚ, ಬಚ್ಚಲಿನಲ್ಲಿ ಹಿಡಿಕೆ ಮೊದಲೇ ಸಿದ್ಧವಿರಲಿ. ಆಮೇಲೆ ಕುಕ್ಕರುಗಾಲಿನ ಕೆಲಸವನ್ನು ಬಿಟ್ಟುಬಿಡುವುದೇ ಜಾಣತನ. ಮೆಟ್ಟುಗತ್ತಿಯ ಮೇಲೆ ಮತ್ತೆ ಕೂರುವ ಆಸೆ ಬೇಡ.

ಇನ್ನು ನಮ್ಮ ಸದಸ್ಯರ ವಿಷಯ. ಮೊದಲ ವೈದ್ಯರು ನೋಡಿದ್ದು ಊರಿನಿಂದ ಒಯ್ದಿದ್ದ, ಮಲಗಿಸಿ ತೆಗೆದ ಎಕ್ಸ್‌ರೇ. ಎರಡನೆಯವರು ನಿಲ್ಲಿಸಿ ತೆಗೆಸಿದ್ದರು. ಅದರಲ್ಲಿ ಹೊರಬದಿಯೂ ಸವೆದಿತ್ತು. ಅದನ್ನು ಮೊದಲಿನವರಿಗೆ ತೋರಿಸಿದಾಗ, "ಇದನ್ನು ಮೊದಲೇ ನೋಡಿದ್ದರೆ ನಾನೂ ಪೂರ್ತಿ ಎನ್ನುತ್ತಿದ್ದೆ" ಎಂದು ಒಪ್ಪಿದರಂತೆ. ಸುಳ್ಳು ಹೇಳಿದವರು ಯಾರೂ ಇರಲಿಲ್ಲ. ಆ ತಾಯಿ ಪೂರ್ಣ ಬದಲಾವಣೆ ಮಾಡಿಸಿಕೊಂಡು, ಮಗನ ಮನೆಯ ಮಹಡಿ ಮೆಟ್ಟಿಲಲ್ಲೇ ಹತ್ತಿಳಿಯುವ ಅಭ್ಯಾಸ ಮಾಡಿ, ಈಗ ಕಣದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಕಾಫಿ ಒಣಗಿಸುವುದನ್ನು ನೋಡಿಕೊಳ್ಳುತ್ತಿದ್ದಾರೆ.

ಭಾಗವೋ ಪೂರ್ಣವೋ ಎಂಬುದನ್ನು ನಿರ್ಧರಿಸಬೇಕಾದುದು ನಮ್ಮ ಭಯವೂ ಅಲ್ಲ, ಜೇಬೂ ಅಲ್ಲ. ಮಂಡಿಯ ನಿಜವಾದ ಸ್ಥಿತಿ. ಅದನ್ನು ಸರಿಯಾಗಿ ನೋಡಿಸಿಕೊಂಡ ಮೇಲೆಯೇ ಒಪ್ಪಿಗೆ ಪತ್ರಕ್ಕೆ ರುಜು ಹಾಕಬೇಕೆಂದು ನಮ್ಮ ವಿನಂತಿ.