ಮೊದಲ ಪುಟ ಕನ್ನಡದಲ್ಲೇ ಇರಲಿ

ಹೊಸ ಲ್ಯಾಪ್‌ಟಾಪ್ ಬಂತು, ವೆಬ್ ಡಿಸೈನ್ ಕಲಿಯಲು ಶುರು ಮಾಡಿದ್ದೇನೆ ಅಂತ ಬರೆದಿದ್ದೀಯ. ಓದಿ ತುಂಬ ಖುಷಿಯಾಯಿತು. ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ ಅಂತ ಕೇಳಿದ್ದೀಯಲ್ಲ, ಸದ್ಯಕ್ಕೆ ಏನೂ ಬೇಡ. ನೋಟ್‌ಪ್ಯಾಡ್ ಇದೆ, ಬ್ರೌಸರ್ ಇದೆ. ಮೊದಲ ಒಂದೆರಡು ತಿಂಗಳಿಗೆ ಅಷ್ಟು ಧಾರಾಳ. ಇಷ್ಟವಾದ ಯಾವುದೇ ಪುಟದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಅದರ ಸೋರ್ಸ್ ತೆರೆದು ನೋಡು. 1993ರ ಏಪ್ರಿಲ್ 30ರಂದು ಜಿನೀವಾದ ಸರ್ನ್ ಸಂಸ್ಥೆ ವೆಬ್ಬನ್ನು ಜಗತ್ತಿಗೆ ಬಿಟ್ಟುಕೊಟ್ಟಿತು. ಹಾಗಾಗಿ ಪುಟ ಕಟ್ಟಲು ನೀನು ಯಾರ ಪರವಾನಗಿಯನ್ನೂ ಕೇಳಬೇಕಿಲ್ಲ.

ಒಂದು ವಾಕ್ಯ ಹೇಳಿದರೆ ಎಐ ಇಡೀ ಪುಟ ಬರೆದುಕೊಡುತ್ತದೆ, ಗೊತ್ತು. ಬಳಸಬೇಡ ಅನ್ನುವುದಿಲ್ಲ. ಆದರೆ ಅದು ಕೊಟ್ಟದ್ದರಲ್ಲಿ ಒಂದು ಸಾಲು ಅಳಿಸಿದರೆ ಏನಾಗುತ್ತದೆ ಅಂತ ನಿನಗೆ ಹೇಳಲು ಬರಬೇಕು. ಬಾರದಿದ್ದರೆ ಅಳಿಸಿಯೇ ನೋಡು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆ. ನಿನ್ನ ಮೊದಲ ಪುಟ ಕನ್ನಡದಲ್ಲೇ ಇರಲಿ. ಅಭಿಮಾನ ಇದ್ದೇ ಇದೆ, ಅದೊಂದೇ ಕಾರಣವಲ್ಲ. ಇಂಗ್ಲಿಷ್‌ನಲ್ಲಿ ಕಾಣದೆ ಉಳಿಯುವ ಎಷ್ಟೋ ದೋಷ ಕನ್ನಡ ಹಾಕಿದ ಕೂಡಲೇ ಎದ್ದು ಕಾಣುತ್ತದೆ. ‘ರಾಷ್ಟ್ರ’ ಅಂತ ಟೈಪ್ ಮಾಡು. ನಮ್ಮ ಕಣ್ಣಿಗೆ ಎರಡೇ ಅಕ್ಷರ. ಜಾವಾಸ್ಕ್ರಿಪ್ಟನ್ನು ಅದರ ಉದ್ದ ಎಷ್ಟೆಂದು ಕೇಳಿದರೆ ಏಳು ಅನ್ನುತ್ತದೆ: ರ, ದೀರ್ಘದ ಚಿಹ್ನೆ, ಷ, ಹಲಂತ, ಟ, ಇನ್ನೊಂದು ಹಲಂತ, ರ. ಯೂನಿಕೋಡ್ ನಮ್ಮ ಅಕ್ಷರವನ್ನು ಬಿಡಿಸಿಡುವುದೇ ಹಾಗೆ. ಯುಟಿಎಫ್-8ರಲ್ಲಿ ಉಳಿಸಿದರೆ ಒಟ್ಟು 21 ಬೈಟ್. ಶೀರ್ಷಿಕೆ ಉದ್ದವಾಯಿತೆಂದು ಪ್ರೋಗ್ರಾಂ ನಾಲ್ಕಕ್ಕೆ ಕತ್ತರಿಸಿತೋ, ಪರದೆಯ ಮೇಲೆ ಉಳಿಯುವುದು ‘ರಾಷ್’. ಅರ್ಜಿಯಲ್ಲಿ ಹೆಸರಿಗೆ ಇಂತಿಷ್ಟೇ ಅಕ್ಷರ ಅಂತ ಇಂಗ್ಲಿಷ್ ಲೆಕ್ಕದಲ್ಲಿ ಮಿತಿ ಹಾಕಿದರೆ ನಮ್ಮವರ ಹೆಸರು ಅರ್ಧಕ್ಕೇ ನಿಲ್ಲುತ್ತದೆ. ತನ್ನ ಹೆಸರನ್ನೇ ಪೂರ್ತಿ ಬರೆಯಲಾಗದ ಅರ್ಜಿಯ ಮುಂದೆ ಕೂತವರಿಗೆ ಆಗುವ ಅವಮಾನ ಸಣ್ಣದಲ್ಲ.

ಸಾಲಿನ ಎತ್ತರವನ್ನೂ ಗಮನಿಸು. ಸಿಎಸ್‌ಎಸ್‌ನಲ್ಲಿ ಲೈನ್-ಹೈಟ್ 1.2 ಇಟ್ಟರೆ ಇಂಗ್ಲಿಷ್‌ಗೆ ನಡೆದೀತು. ‘ಷ್ಟ್ರ’ದ ಒತ್ತುಗಳು ಮಾತ್ರ ಇಳಿದು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗುತ್ತವೆ. 1.6ರಿಂದ ಶುರು ಮಾಡಿ ಕಣ್ಣಳತೆಯಲ್ಲಿ ತಿದ್ದಿಕೊ. ಬಟನ್‌ಗೆ ಎತ್ತರ ನಿಗದಿ ಮಾಡಬೇಡ, ಒತ್ತಿನ ಬಾಲ ಕತ್ತರಿಸಿಹೋಗುತ್ತದೆ.

ಹಳೆಯ ಆಸ್ಕಿ ಫಾಂಟ್‌ನಲ್ಲಿರುವ ಕಡತ ಕೈಗೆ ಬಂದರೆ ಯೂನಿಕೋಡ್‌ಗೆ ಬದಲಿಸಿಯೇ ಪುಟಕ್ಕೆ ಹಾಕು. ಇಲ್ಲವಾದರೆ ಆ ಫಾಂಟ್ ಇಲ್ಲದವರಿಗೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ. ಬರಹವನ್ನು ಚಿತ್ರವಾಗಿಸಿ ಅಂಟಿಸುವ ಚಾಳಿಯೂ ಬೇಡ. ಪುಟದ ಭಾಷೆ ಕನ್ನಡ ಅಂತ ಎಚ್‌ಟಿಎಂಎಲ್ ಟ್ಯಾಗ್‌ನಲ್ಲೇ ನಮೂದಿಸು. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ನೋಡಿಕೊಂಡು ಕನ್ನಡದ ದನಿಗೆ ಹೊರಳುತ್ತದೆ. ಟೈಪಿಂಗ್‌ಗೆ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಕಲಿ; ಬೆರಳಿಗೆ ಬೇಗ ಹತ್ತುತ್ತದೆ.

ನಿನ್ನ ಹೊಸ ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಚೆಂದವಾಗಿಯೇ ಕಾಣುತ್ತದೆ, ಅದನ್ನು ನಂಬಿ ಕೂರಬೇಡ. ಮನೆಯಲ್ಲಿರುವ ಹಳೆಯ ಫೋನ್‌ನಲ್ಲಿ, ನೆಟ್‌ವರ್ಕ್ ಒಂದೇ ಗೆರೆ ತೋರಿಸುವ ಹಿತ್ತಲಲ್ಲಿ ನಿಂತು ತೆರೆದು ನೋಡು. ಆಮೇಲೆ ಲಿಂಕ್ ನನಗೂ ಕಳಿಸು. ಅಕ್ಷರ ಎರಡು ಪಟ್ಟು ದೊಡ್ಡದು ಮಾಡಿಕೊಂಡೇ ನಾನು ಓದುವುದು. ಎಲ್ಲೆಲ್ಲಿ ಸಾಲು ಸಾಲಿನ ಮೇಲೆ ಹತ್ತುತ್ತದೆ ಅಂತ ಗುರುತು ಹಾಕಿ ತಿಳಿಸುತ್ತೇನೆ.