ವಿಲ್ ಇದ್ದರೂ ಕೋರ್ಟು ತಪ್ಪುವುದಿಲ್ಲ

ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರ ಹತ್ತಿರ ಆಸ್ತಿಯ ಮಾತೆತ್ತಿದರೆ, "ವಿಲ್ ಬರೆಸಿಟ್ಟಿದ್ದೀವಿ, ಚಿಂತೆಯಿಲ್ಲ" ಅನ್ನುವವರೇ ಹೆಚ್ಚು. ಬರೆಸಿದ್ದು ಒಳ್ಳೆಯದೇ. ಆದರೆ ಇಲ್ಲಿನ ಬೆಲೆಯ ಮನೆಯೊಂದು ಒಬ್ಬರದೇ ಹೆಸರಿನಲ್ಲಿದ್ದು ಅವರು ತೀರಿಕೊಂಡರೆ, ವಿಲ್ ಇದ್ದರೂ ಮಕ್ಕಳು ಸಾಮಾನ್ಯವಾಗಿ ಕೋರ್ಟಿನ ಮೆಟ್ಟಿಲು ಹತ್ತಲೇಬೇಕು. ಅದೇ ಪ್ರೊಬೇಟ್.

ನಮ್ಮ ದೊಡ್ಡಮ್ಮನ ಮಗಳ ಮನೆಯಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ಭಾವ ಮೊದಲೇ ಹೋಗಿದ್ದರು. ಮನೆ ಅಕ್ಕನೊಬ್ಬಳ ಹೆಸರಿನಲ್ಲಿತ್ತು. ಅವಳು ತೀರಿಕೊಂಡ ಮೇಲೆ ಅವಳ ಮಗನ ಜೊತೆ ಕಾಗದಪತ್ರ ನೋಡಲು ನಾನೂ ಕೂತೆ. ವಿಲ್ ಸ್ಪಷ್ಟವಾಗಿತ್ತು, ಮಕ್ಕಳಿಬ್ಬರಲ್ಲಿ ತಕರಾರೂ ಇರಲಿಲ್ಲ. ಆದರೂ ಕೋರ್ಟಿಗೆ ಅರ್ಜಿ, ಪತ್ರಿಕೆಯಲ್ಲಿ ನೋಟೀಸು, ಆಸ್ತಿಯ ಮೌಲ್ಯಮಾಪನ, ಸಾಲ ಕೊಟ್ಟವರು ಬಂದು ಕೇಳಲೆಂದು ನಾಲ್ಕು ತಿಂಗಳ ಗಡುವು ಎಂದು ವರ್ಷ ದಾಟಿತು. ಅಷ್ಟೂ ದಿನ ಮನೆಯ ಕಂತು, ತೆರಿಗೆ, ಇನ್ಶೂರೆನ್ಸ್ ಎಲ್ಲ ಹುಡುಗನ ತಲೆಯ ಮೇಲೆ.

ಖರ್ಚಿನ ಲೆಕ್ಕ ಕೇಳಿ. ವಕೀಲರ ಫೀಸು ಇಲ್ಲಿ ಕಾನೂನಿನಲ್ಲೇ ಇದೆ: ಮೊದಲ ಒಂದು ಲಕ್ಷ ಡಾಲರಿಗೆ ಶೇ. 4, ಮುಂದಿನ ಲಕ್ಷಕ್ಕೆ ಶೇ. 3, ಅದರ ಮುಂದಿನ ಎಂಟು ಲಕ್ಷಕ್ಕೆ ಶೇ. 2, ಆಮೇಲಿನ ತೊಂಬತ್ತು ಲಕ್ಷಕ್ಕೆ ಶೇ. 1. ಮನೆ 15 ಲಕ್ಷ ಡಾಲರಿನದಾದರೆ 28,000 ಡಾಲರ್. ಬ್ಯಾಂಕಿನ ಸಾಲ ಎಷ್ಟೇ ಬಾಕಿಯಿರಲಿ, ಲೆಕ್ಕ ಹಾಕುವುದು ಮನೆಯ ಪೂರ್ತಿ ಬೆಲೆಯ ಮೇಲೆ. ವಿಲ್ ಜಾರಿ ಮಾಡುವವರೂ ಅಷ್ಟೇ ಮೊತ್ತ ಕೇಳಬಹುದು. ಸಾಲದ್ದಕ್ಕೆ, ಕೋರ್ಟಿನ ಆ ಫೈಲನ್ನು ಯಾರು ಬೇಕಾದರೂ ತೆಗೆದು ಓದಬಹುದು.

ಲಿವಿಂಗ್ ಟ್ರಸ್ಟ್ ಇದ್ದಿದ್ದರೆ ಇದೆಲ್ಲ ತಪ್ಪುತ್ತಿತ್ತು. ಬದುಕಿರುವಾಗಲೇ ಮನೆಯನ್ನು ಟ್ರಸ್ಟಿಗೆ ಸೇರಿಸುತ್ತೀರಿ. ಅದರ ಟ್ರಸ್ಟಿ ನೀವೇ, ಅನುಭವಿಸುವವರೂ ನೀವೇ. ಬೇಕೆಂದಾಗ ಬದಲಾಯಿಸಬಹುದು, ಬೇಡವಾದರೆ ರದ್ದು ಮಾಡಬಹುದು. ನಿಮ್ಮ ನಂತರ ನೀವು ಹೆಸರಿಸಿದ ಮುಂದಿನ ಟ್ರಸ್ಟಿ ಕೋರ್ಟಿಗೆ ಹೋಗದೆಯೇ ಆಸ್ತಿ ಹಂಚುತ್ತಾರೆ. ಮಕ್ಕಳು ಚಿಕ್ಕವರಾದರೆ ಹದಿನೆಂಟಕ್ಕೇ ಎಲ್ಲ ಕೈಗೆ ಬೀಳದಂತೆ, ಓದಿಗೆ ಇಷ್ಟು, ಮೂವತ್ತು ತುಂಬಿದ ಮೇಲೆ ಇಷ್ಟು ಎಂದು ಬರೆಯಬಹುದು.

ನನ್ನ ಮಟ್ಟಿಗೆ ದೊಡ್ಡ ಅನುಕೂಲ ಬೇರೆಯೇ. ನಾಳೆ ನನಗೆ ಸ್ಟ್ರೋಕ್ ಆಯಿತು, ಮರೆವಿನ ಕಾಯಿಲೆ ಬಂತು ಅಂದುಕೊಳ್ಳಿ. ನಾನು ಬದುಕಿರುವವರೆಗೆ ವಿಲ್ ಯಾವ ಕೆಲಸಕ್ಕೂ ಬರುವುದಿಲ್ಲ. ಟ್ರಸ್ಟ್ ಇದ್ದರೆ, ಅದರಲ್ಲಿ ಬರೆದಿರುವಂತೆ ಡಾಕ್ಟರ ಪತ್ರ ತಂದು ನನ್ನ ಹೆಂಡತಿಯೋ ಮಗಳೋ ಕೂಡಲೇ ವ್ಯವಹಾರ ಕೈಗೆತ್ತಿಕೊಳ್ಳಬಹುದು.

ಆದರೆ ಟ್ರಸ್ಟ್ ಪತ್ರಕ್ಕೆ ಸಹಿ ಹಾಕಿದರೆ ಅರ್ಧ ಕೆಲಸವಷ್ಟೇ ಮುಗಿಯಿತು. ನಮ್ಮ ಟ್ರಸ್ಟ್ ಮಾಡಿಸಿದಾಗ ನೋಟರಿಯ ಮುಂದೆ ನಾನೂ ಹೆಂಡತಿಯೂ ಮನೆಯ ಹೊಸ ಡೀಡಿಗೂ ಸಹಿ ಹಾಕಿದೆವು. ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ದಾಖಲಾಗಿ ಅಂಚೆಯಲ್ಲಿ ವಾಪಸು ಬಂದ ಆ ಹಾಳೆಯಲ್ಲಿ ನಮ್ಮ ಹೆಸರಿನ ಮುಂದೆ 'ಟ್ರಸ್ಟಿಗಳು' ಎಂಬ ಪದವಿದೆ. ಇಡೀ ದಪ್ಪ ಫೈಲಿನಲ್ಲಿ ಮನೆಯನ್ನು ಕೋರ್ಟಿನಿಂದ ಕಾಯುವುದು ಆ ಒಂದು ಹಾಳೆ. ಸಾಲವಿದ್ದರೂ ಅಂಜಬೇಕಿಲ್ಲ: ನೀವು ವಾಸವಿರುವ ಮನೆಯನ್ನು ನಿಮ್ಮದೇ ಟ್ರಸ್ಟಿಗೆ ಸೇರಿಸಿದ ಮಾತ್ರಕ್ಕೆ ಬ್ಯಾಂಕು ಸಾಲ ಪೂರ್ತಿ ಕಟ್ಟಿ ಎನ್ನದಂತೆ 1982ರ ಫೆಡರಲ್ ಕಾನೂನು ತಡೆಯುತ್ತದೆ.

ತೆರಿಗೆ ಉಳಿಯುತ್ತದೆ ಎಂದು ಹೇಳಿ ಟ್ರಸ್ಟ್ ಮಾರುವವರನ್ನು ನಂಬಬೇಡಿ. ರದ್ದು ಮಾಡಬಹುದಾದ ಟ್ರಸ್ಟಿನಿಂದ ಆದಾಯ ತೆರಿಗೆ ಕಡಿಮೆಯಾಗುವುದಿಲ್ಲ, ಸಾಲ ಕೊಟ್ಟವರಿಂದ ರಕ್ಷಣೆಯೂ ಸಿಗುವುದಿಲ್ಲ. ನಿವೃತ್ತಿ ಖಾತೆಗಳಿಗೆ ನಾಮಿನಿ ಬೇರೆಯಾಗಿಯೇ ಇರಬೇಕು. ಚಿಕ್ಕ ಮಕ್ಕಳನ್ನು ಯಾರು ಸಾಕಬೇಕು ಎಂಬುದನ್ನು ಸಾಮಾನ್ಯವಾಗಿ ವಿಲ್‌ನಲ್ಲಿ ಬರೆಯುತ್ತಾರೆ, ಹಾಗಾಗಿ ವಿಲ್ ಕೂಡ ಇರಲಿ.

ಊರಿನ ಆಸ್ತಿಗೆ ಇಲ್ಲಿನ ಟ್ರಸ್ಟನ್ನು ನೆಚ್ಚಿಕೊಳ್ಳಬೇಡಿ. ಮೈಸೂರಿನ ಸೈಟಿಗೆ ನಾನು ಅಲ್ಲಿನ ವಕೀಲರಿಂದ ಬೇರೆ ವಿಲ್ ಬರೆಸಿ ರಿಜಿಸ್ಟರ್ ಮಾಡಿಸಿದ್ದೇನೆ. ಒಂದು ಎಚ್ಚರಿಕೆ: ವಿಲ್‌ಗಳಲ್ಲಿ ಸಾಮಾನ್ಯವಾಗಿ 'ಹಿಂದಿನ ಎಲ್ಲ ವಿಲ್‌ಗಳನ್ನು ರದ್ದು ಮಾಡಿದ್ದೇನೆ' ಎಂಬ ಸಾಲಿರುತ್ತದೆ. ಅಮೆರಿಕದ್ದು ಭಾರತದ್ದನ್ನು ಅಳಿಸದಂತೆ ಎರಡೂ ಕಡೆಯ ವಕೀಲರಿಗೆ ಹೇಳಿ, ಆಯಾ ದೇಶದ ಆಸ್ತಿಗಷ್ಟೇ ಎಂದು ಬರೆಸಿ.

ಟ್ರಸ್ಟ್ ಆಗಲೇ ಮಾಡಿಸಿರುವವರು ಈ ವಾರ ನಿಮ್ಮ ಮನೆಯ ಡೀಡನ್ನೊಮ್ಮೆ ಹೊರತೆಗೆದು ನೋಡಿ. ಅದರಲ್ಲಿ ಟ್ರಸ್ಟಿನ ಹೆಸರಿಲ್ಲದಿದ್ದರೆ, ನಾಳೆಯೇ ವಕೀಲರಿಗೆ ಫೋನ್ ಮಾಡಿ.