ಮೊದಲು ಕೋಣೆ, ಕಡೆಗೆ ಆಂಪ್ಲಿಫಯರ್

ಮಾಕಳಿದುರ್ಗ

  

ಬೆಂಗಳೂರಿನಲ್ಲಿದ್ದುಕೊಂಡೇ ಇಲ್ಲಿ ಬೆಟ್ಟದ ಕೆಳಗೆ ನೀನು ಕಟ್ಟಿಸುತ್ತಿರುವ ಮನೆಗೆ ಮೋಲ್ಡ್ ಬಿದ್ದಿದೆ. ಮಹಡಿಯಲ್ಲಿ ಸಿನಿಮಾಕ್ಕೆಂದೇ ಒಂದು ಕೋಣೆ ಬಿಡಿಸಿದ್ದೀಯ. "ದುಡ್ಡಿನ ಯೋಚನೆ ಬೇಡ ದೊಡ್ಡಪ್ಪ, ಯಾವ ಮಲ್ಟಿಚಾನೆಲ್ ಆಂಪ್ಲಿಫಯರ್ ತಗೊಳ್ಳಲಿ ಅಷ್ಟು ಹೇಳಿ" ಎಂದು ಕೇಳಿದೆ. ಟಾಕೀಸಿನ ಕ್ಯಾಬಿನ್ನಿನಲ್ಲೂ ಮೈಕ್‌ಸೆಟ್ಟಿನ ಹಿಂದೆಯೂ ಬದುಕು ಕಳೆದವನು ನಾನು ಎಂಬ ನಂಬಿಕೆಯಿಂದ ಕೇಳಿದೆಯಲ್ಲ, ಫೋನಿನಲ್ಲಿ ಎರಡು ಹೆಸರು ಹೇಳಿ ಮುಗಿಸುವ ಮನಸ್ಸಾಗಲಿಲ್ಲ. ದೊಡ್ಡಬಳ್ಳಾಪುರದ ಸುತ್ತ ಮನೆ ಕಟ್ಟಿಸುವ ಹುಡುಗರು ಇದನ್ನೇ ಕೇಳುತ್ತಾರೆ. ಅವರಿಗೂ ಆಗಲಿ ಎಂದು ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟೇ ಕಣಪ್ಪ: ನೀನು ಮೊದಲು ಕೇಳಿದ ಪ್ರಶ್ನೆ ಕಡೆಯಲ್ಲಿ ಕೇಳಬೇಕಾದದ್ದು. ಕೋಣೆ, ಸ್ಪೀಕರ್, ಕರೆಂಟು, ಈ ಮೂರೂ ಗೊತ್ತಾದ ಮೇಲೆ ಆಂಪ್ಲಿಫಯರ್ ಎಷ್ಟು ದೊಡ್ಡದಿರಬೇಕು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಆ ಲೆಕ್ಕ ಮಾಡದೆ ಹೋದವನಿಗೆ ಅಂಗಡಿಯವನು ಅವನ ಲೆಕ್ಕ ಮಾಡುತ್ತಾನೆ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಕಂಬಕ್ಕೆ ಕಟ್ಟಿದ ಹಾರನ್ ನೋಡಿದ್ದೀಯಲ್ಲ? ಅದಕ್ಕೆ ಹೋಗುವುದು ಹತ್ತಿಪ್ಪತ್ತು ವ್ಯಾಟ್, ಕೂಗು ಮಾತ್ರ ಬಯಲಾಚೆಗೂ ಕೇಳುತ್ತದೆ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 105 ಡೆಸಿಬೆಲ್ ಆಸುಪಾಸು ಸದ್ದು ಮಾಡುವ ಜಾತಿ ಅದು. ಅಷ್ಟೇ ಕೊಟ್ಟರೆ ಮನೆಯ ಸ್ಪೀಕರುಗಳು ಸಾಮಾನ್ಯವಾಗಿ 85ರಿಂದ 91 ಡೆಸಿಬೆಲ್ ಮಾಡುತ್ತವೆ. ಇದಕ್ಕೆ ಸೆನ್ಸಿಟಿವಿಟಿ ಅನ್ನುತ್ತಾರೆ. ವ್ಯಾಟ್ ಇಮ್ಮಡಿಯಾದರೆ ಸದ್ದು 3 ಡೆಸಿಬೆಲ್ ಏರುತ್ತದೆ. ಕಿವಿಗೆ ಸದ್ದು ಎರಡರಷ್ಟಾಯಿತು ಅನ್ನಿಸಬೇಕಾದರೆ 10 ಡೆಸಿಬೆಲ್ ಬೇಕು, ಅಂದರೆ ವ್ಯಾಟ್ ಹತ್ತು ಪಟ್ಟು. 100 ವ್ಯಾಟಿನದನ್ನು ಬಿಟ್ಟು 200 ವ್ಯಾಟಿನದಕ್ಕೆ ಲಕ್ಷಗಟ್ಟಲೆ ಹೆಚ್ಚು ಕೊಟ್ಟರೆ ನೀನು ಕೊಂಡದ್ದು ಆ 3 ಡೆಸಿಬೆಲ್.

ಈಗ ನಿನ್ನ ಕೋಣೆಯ ಲೆಕ್ಕ. ಪರದೆಯಿಂದ ಸೋಫಾಗೆ ಸದ್ಯಕ್ಕೆ ಹತ್ತು ಅಡಿ, ಅಂದರೆ 3 ಮೀಟರ್ ಇರಲಿ. 88 ಡೆಸಿಬೆಲ್ಲಿನ, 8 ಓಮ್ ಸ್ಪೀಕರ್ ಎಂದಿಟ್ಟುಕೋ. ದೂರದಿಂದ ಕಳೆಯುವುದು, ಗೋಡೆಗಳು ತಿರುಗಿಸಿ ಕೊಡುವುದು ಎರಡನ್ನೂ ಕೂಡಿ ಕಳೆದರೆ ಸುಮಾರು 6 ಡೆಸಿಬೆಲ್ ಹೋಗುತ್ತದೆ. ಒಂದು ವ್ಯಾಟಿಗೆ ಸೋಫಾದ ಹತ್ತಿರ 82. ಹತ್ತು ವ್ಯಾಟಿಗೆ 92. ನೂರಕ್ಕೆ 102. ಇನ್ನೂರಕ್ಕೆ 105. ಚಿತ್ರಮಂದಿರದ ಅಳತೆಯಲ್ಲಿ ಮುಖ್ಯ ಚಾನೆಲ್ ಒಂದೊಂದರ ಅತಿ ಜೋರಿನ ಕ್ಷಣಕ್ಕೆ ಇಟ್ಟಿರುವ ಮಿತಿ ಈ 105. ಮನೆಯಲ್ಲಿ ಆ ಮಟ್ಟಕ್ಕೆ ತಿರುಗಿಸಿ ಪೂರಾ ಸಿನಿಮಾ ನೋಡುವವರು ಅಪರೂಪ. 10 ಡೆಸಿಬೆಲ್ ಇಳಿಸಿ ನೋಡಿದರೆ ಅದೇ ಕ್ಷಣಕ್ಕೆ 20 ವ್ಯಾಟ್ ಸಾಕು.

ಇದೇ ಲೆಕ್ಕದಲ್ಲಿ ಸ್ಪೀಕರನ್ನು 91 ಮಾಡಿ ನೋಡು: ಇನ್ನೂರು ವ್ಯಾಟಿನ ಜಾಗದಲ್ಲಿ ನೂರು ಸಾಕಾಗುತ್ತದೆ. ಅದಕ್ಕೇ ಸ್ಪೀಕರ್ ಮೊದಲು ಆರಿಸು ಅನ್ನುವುದು. ಒಂದು ಎಚ್ಚರಿಕೆ: ಕೆಲವು ಕಂಪನಿಗಳು ಒಂದು ವ್ಯಾಟಿನ ಬದಲು 2.83 ವೋಲ್ಟ್ ಕೊಟ್ಟು ಅಳೆಯುತ್ತವೆ. 8 ಓಮ್‌ಗೆ ಅದು ಒಂದೇ ವ್ಯಾಟ್, 4 ಓಮ್‌ಗೆ ಎರಡು ವ್ಯಾಟ್. ಹಾಗಾಗಿ 4 ಓಮ್ ಸ್ಪೀಕರಿನ ಅಂಕಿ 3 ಡೆಸಿಬೆಲ್ ಉಬ್ಬಿರುತ್ತದೆ. 80 ಹರ್ಟ್ಸ್‌ಗಿಂತ ಕೆಳಗಿನ ಗುಡುಗನ್ನು ಸ್ವಂತ ಆಂಪ್ ಇರುವ ಸಬ್‌ವೂಫರ್‌ಗೆ ಒಪ್ಪಿಸು. ಹೆಚ್ಚು ಕರೆಂಟು ನುಂಗುವ ಕೆಲಸ ಅದೇ. ಅದು ಕಳಚಿದರೆ ಉಳಿದ ಚಾನೆಲ್ಲುಗಳು ಹಗುರಾಗುತ್ತವೆ.

ಇನ್ನು ಡಬ್ಬದ ಮೇಲಿನ ಅಂಕಿಗಳನ್ನು ಓದುವ ಬಗೆ. ತೊಂಬತ್ತರ ದಶಕದಲ್ಲಿ ಅಂಗೈಯಗಲದ ಟೇಪ್‌ರೆಕಾರ್ಡರ್ ಮೇಲೆ '1000 ವ್ಯಾಟ್ ಪಿಎಂಪಿಒ' ಎಂದು ಚೀಟಿ ಅಂಟಿಸುತ್ತಿದ್ದರು, ನಿಮ್ಮಪ್ಪನನ್ನು ಕೇಳು. ಅಮೆರಿಕದಲ್ಲಿ ಇಂಥ ಉಬ್ಬಿಸಿದ ಅಂಕಿಗಳ ಹಾವಳಿ ತಡೆಯಲು ಸರ್ಕಾರವೇ 1974ರಲ್ಲಿ ನಿಯಮ ತರಬೇಕಾಯಿತು. ಈಗ ಸುಳ್ಳು ನಾಜೂಕಾಗಿದೆ. 'ಏಳು ಚಾನೆಲ್, ಒಂದೊಂದಕ್ಕೆ 150 ವ್ಯಾಟ್' ಎಂದು ದಪ್ಪಕ್ಷರದಲ್ಲಿರುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ 6 ಓಮ್, 1 ಕಿಲೋಹರ್ಟ್ಸ್, ಶೇ. 10 ಡಿಸ್ಟಾರ್ಷನ್, ಒಂದೇ ಚಾನೆಲ್ ನಡೆಸಿದಾಗ ಎಂದಿರುತ್ತದೆ. ನಿನಗೆ ಬೇಕಾದ ಸಾಲು ಬೇರೆ: 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಶೇ. 0.1ಕ್ಕಿಂತ ಕಡಿಮೆ ಡಿಸ್ಟಾರ್ಷನ್, ಎಷ್ಟು ಚಾನೆಲ್ ಒಟ್ಟಿಗೆ ನಡೆಸಿದಾಗ ಎಷ್ಟು ವ್ಯಾಟ್. ಸಾಮಾನ್ಯವಾಗಿ ಚಾನೆಲ್ಲುಗಳಿಗೆಲ್ಲ ಒಂದೇ ಪವರ್ ಸಪ್ಲೈ ಇರುತ್ತದೆ. ಒಂದು ಬೋರ್‌ವೆಲ್ಲಿಗೆ ಏಳು ನಲ್ಲಿ ಹಾಕಿದ ಹಾಗೆ, ಎಲ್ಲ ಒಟ್ಟಿಗೆ ತಿರುಗಿಸಿದರೆ ಧಾರೆ ಸಣ್ಣಗಾಗುತ್ತದೆ. ಸಿನಿಮಾದಲ್ಲಿ ಏಳೂ ಒಟ್ಟಿಗೆ ಪೂರ್ತಿ ಅಬ್ಬರಿಸುವುದು ಕಡಿಮೆ, ಆದ್ದರಿಂದ ಏಳಕ್ಕೂ ಪೂರಾ ಅಂಕಿ ಬೇಕೆಂದು ಹಟ ಬೇಡ. ಐದು ಚಾನೆಲ್ ನಡೆಸಿದಾಗಿನ ಅಂಕಿ ಬರೆದು ಕೊಡುವ ಕಂಪನಿಯನ್ನು ನಂಬು. 4 ಓಮ್ ಅಂಕಿಯನ್ನೂ ನೋಡು. 8 ಓಮ್ ಎಂದು ಬರೆದ ಸ್ಪೀಕರೂ ಕೆಲವು ಸ್ವರಗಳಲ್ಲಿ 4ರ ಹತ್ತಿರಕ್ಕೆ ಇಳಿಯುತ್ತದೆ. 8 ಓಮ್‌ಗೆ 100, 4 ಓಮ್‌ಗೆ 170–180 ಕೊಡುವ ಆಂಪಿಗೆ ತಾಕತ್ತಿದೆ ಎಂದರ್ಥ. 4 ಓಮ್ ವಿಷಯವೇ ಎತ್ತದ ಕಡೆ ಅನುಮಾನ ಪಡು.

ಎಲ್ಲಾ ಸೇರಿದ ರಿಸೀವರೋ, ಬೇರೆ ಪ್ರೊಸೆಸರ್ ಮತ್ತು ಬೇರೆ ಪವರ್ ಆಂಪೋ? ಯಾವುದಕ್ಕೆ ಬೇಗ ವಯಸ್ಸಾಗುತ್ತದೆ ನೋಡಿ ತೀರ್ಮಾನಿಸು. ಡಾಲ್ಬಿ ಅಟ್ಮಾಸ್ ಧ್ವನಿ ಪದ್ಧತಿ ಚಿತ್ರಮಂದಿರಕ್ಕೆ ಬಂದದ್ದು 2012ರಲ್ಲಿ, ಮನೆಗೆ 2014ರಲ್ಲಿ. ಎಚ್‌ಡಿಎಂಐ ಕೂಡ ಆವೃತ್ತಿ ಬದಲಿಸುತ್ತಲೇ ಇದೆ. ಇದನ್ನೆಲ್ಲ ಬಿಡಿಸುವ ಪ್ರೊಸೆಸರ್ ಏಳೆಂಟು ವರ್ಷದಲ್ಲಿ ಹಳತು. ಸದ್ದನ್ನು ದೊಡ್ಡದು ಮಾಡುವ ಪವರ್ ಆಂಪಿಗೆ ಆ ರೋಗವಿಲ್ಲ. ಎಂಬತ್ತರ ದಶಕದ ಒಳ್ಳೆಯ ಆಂಪ್, ಕೆಪಾಸಿಟರ್ ಬದಲಿಸಿದರೆ, ಇಂದೂ ದುಡಿಯುತ್ತದೆ. ಹಾಗಾಗಿ ದೊಡ್ಡ ದುಡ್ಡನ್ನು ಬಾಳುವ ಕಡೆ ಹಾಕು. ಎಲ್ಲ ಚಾನೆಲ್ಲಿಗೂ ಪ್ರೀಔಟ್ (ಹೊರಗಿನ ಆಂಪ್ ಜೋಡಿಸುವ ಕಿಂಡಿ) ಇರುವ ಮಧ್ಯಮ ದರ್ಜೆಯ ರಿಸೀವರ್ ಮೊದಲು ಕೊಳ್ಳು. ಆರು ತಿಂಗಳು ಕೇಳು. ಸಾಲದು ಅನ್ನಿಸಿದರೆ ಮುಂದಿನ ಮೂರು ಸ್ಪೀಕರಿಗಷ್ಟೇ ಮೂರು ಚಾನೆಲ್ಲಿನ ಒಳ್ಳೆಯ ಪವರ್ ಆಂಪ್ ಸೇರಿಸು. ಪಕ್ಕದ, ಹಿಂದಿನ, ಸೂರಿನ ಸ್ಪೀಕರುಗಳನ್ನು ರಿಸೀವರೇ ಸುಧಾರಿಸಿಕೊಳ್ಳುತ್ತದೆ. ಮಾತು ಬಹುಪಾಲು ಬರುವುದು ನಡುವಿನ ಸ್ಪೀಕರಿನಿಂದ. 'ಬಂಗಾರದ ಮನುಷ್ಯ'ದಂಥ ಎಪ್ಪತ್ತರ ದಶಕದ ಚಿತ್ರಗಳ ಧ್ವನಿ ಒಂದೇ ಟ್ರ್ಯಾಕಿನದು. ಅವನ್ನು ಸರೌಂಡ್ ಮೋಡಿನಲ್ಲಿ ಹಾಕಿದರೆ ರಾಜ್‌ಕುಮಾರರ ಮಾತಿಗೂ ಚಿತ್ರದ ಹಾಡುಗಳಿಗೂ ಬಹುಮಟ್ಟಿಗೆ ಆ ಒಂದು ಸ್ಪೀಕರೇ ಆಧಾರ. ದುಡ್ಡು ಅಲ್ಲಿಗೆ ಹೋಗಲಿ.

ಕ್ಲಾಸ್ ಎಬಿ ಒಳ್ಳೆಯದೋ ಕ್ಲಾಸ್ ಡಿ ಒಳ್ಳೆಯದೋ ಎಂಬ ಜಗಳಕ್ಕೆ ಹೋಗಬೇಡ. ಎರಡರಲ್ಲೂ ಒಳ್ಳೆಯವಿವೆ. ಎಬಿ ಭಾರ, ಕಾವು ಹೆಚ್ಚು, ಮೇಲೆ ಕೆಳಗೆ ಗಾಳಿ ಆಡಲು ಜಾಗ ಬೇಕು. ಒಳ್ಳೆಯ ಡಿ ಹಗುರ, ಒಳಬಂದ ಕರೆಂಟಿನ ಬಹುಪಾಲನ್ನು ಸದ್ದಿಗೇ ಕೊಡುತ್ತದೆ. ಬೇಸಿಗೆಯಲ್ಲಿ ಬಾಗಿಲು ಹಾಕಿದ ಕೋಣೆಯಲ್ಲಿ ಅದೂ ಒಂದು ಅನುಕೂಲ. ನಿನಗೆ ನಿಜವಾಗಿ ಮುಖ್ಯವಾದದ್ದು ಬೇರೆ. ಬೆಂಗಳೂರಿನ ಮನೆಯಲ್ಲಿ ರಸ್ತೆ ಸದ್ದನ್ನು ಮೀರಿಸಲು ವಾಲ್ಯೂಮ್ ತಿರುಗಿಸುತ್ತೀಯ. ಇಲ್ಲಿ ಗೂಡ್ಸ್ ಗಾಡಿ ದಾಟಿಹೋದ ಮೇಲೆ ರಾತ್ರಿಯೆಲ್ಲ ಹುಳುಗಳ ಸದ್ದೊಂದೇ. ಪಿಸುಮಾತು ಕಡಿಮೆ ವಾಲ್ಯೂಮಿನಲ್ಲೂ ಕೇಳುವುದರಿಂದ ಈ ಊರಿನಲ್ಲಿ ವ್ಯಾಟ್ ಕಡಿಮೆ ಸಾಕು. ಆದರೆ ಪೇಟೆಯಲ್ಲಿ ಮುಚ್ಚಿಹೋಗುವ ಆಂಪಿನ 'ಹಿಸ್' ಸದ್ದು, ಫ್ಯಾನಿನ ಗೊರಗೊರ ಇಲ್ಲಿ ಬಯಲಾಗುತ್ತದೆ. ಅಂಗಡಿಯಲ್ಲಿ ಏನೂ ನುಡಿಸದೆ ಆಂಪ್ ಆನ್ ಮಾಡಿಸಿ ಸ್ಪೀಕರಿಗೆ ಕಿವಿಯಿಟ್ಟು ಕೇಳು.

ಕರೆಂಟಿನ ವಿಷಯಕ್ಕೆ ಬರುತ್ತೇನೆ, ನಮ್ಮ ಕಡೆ ಇದನ್ನು ಬಿಟ್ಟು ಮಾತಾಡುವಂತಿಲ್ಲ. ಪವರ್‌ಲೂಮ್ ಇರುವ ಬೀದಿಯವರಿಗೆ ಮಗ್ಗದ ಮೋಟಾರು ಶುರುವಾದಾಗ ಬಲ್ಬು ಮಂಕಾಗುವುದು ಹೊಸದಲ್ಲ. 230 ವೋಲ್ಟ್ ಇರಬೇಕಾದಲ್ಲಿ 200 ಬಂದರೆ ಟ್ರಾನ್ಸ್‌ಫಾರ್ಮರ್ ಇರುವ ಮಾಮೂಲಿ ಆಂಪಿನ ವ್ಯಾಟ್ ಕಾಲುಭಾಗ ಕುಸಿಯುತ್ತದೆ. ಕೇಳಲು ದೊಡ್ಡದು, ಕಿವಿಗೆ ಒಂದು ಡೆಸಿಬೆಲ್ಲಿನ ಚಿಲ್ಲರೆ. ವೋಲ್ಟೇಜು ಇಳಿದರೆ ಹೆದರಬೇಡ, ಏರಿದರೆ ಹೆದರು. ಕರೆಂಟು ಹೋಗಿ ಬಂದ ಗಳಿಗೆಯ ಏರಿಕೆ, ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯ ಸಿಡಿಲು, ಇವು ಆಂಪನ್ನು ಸುಡುತ್ತವೆ. ಮೇನ್ ಬೋರ್ಡಿನಲ್ಲೇ ಸರ್ಜ್ ಪ್ರೊಟೆಕ್ಟರ್ ಹಾಕಿಸು. ಆಂಪಿಗೆಂದೇ ಬೋರ್ಡಿನಿಂದ ಬೇರೆ ಲೈನ್ ಎಳೆಸಿ 16 ಆಂಪಿಯರ್ ಪಾಯಿಂಟ್ ಇಡಿಸು. 6 ಆಂಪಿಯರಿನ ಪಾಯಿಂಟ್ ಕೊಡುವುದು ಹೆಚ್ಚೆಂದರೆ 1,380 ವ್ಯಾಟ್, 16ರದ್ದು 3,680. ಗೋಡೆಗೆ ಗಾರೆ ಬೀಳುವ ಮುಂಚೆ ಇದು ಪುಡಿಗಾಸಿನ ಕೆಲಸ.

ಅರ್ಥಿಂಗನ್ನು ಖುದ್ದು ನಿಂತು ಮಾಡಿಸು. ನಮ್ಮದು ಬಂಡೆಯ ನೆಲ. ಮೇಲೆ ಒಂದಿಷ್ಟು ಮಣ್ಣು, ಕೆಳಗೆ ಗ್ರಾನೈಟ್. ಪೈಪು ಅರ್ಧ ಇಳಿದು ಬಂಡೆಗೆ ತಗುಲಿದರೆ 'ಆಯ್ತು ಸಾರ್' ಎಂದು ಮುಚ್ಚಿಬಿಡುತ್ತಾರೆ. ಮಣ್ಣು ಆಳವಿರುವ, ತೇವ ನಿಲ್ಲುವ ಕಡೆ ಗುಂಡಿ ತೆಗೆಸಿ, ಒಂದು ಸಾಲದಿದ್ದರೆ ಎರಡು ಮಾಡಿಸಿ ಜೋಡಿಸು. ಮೀಟರ್ ಹಿಡಿದು ಅಳೆದು ತೋರಿಸಲು ಹೇಳು. ಸ್ಪೀಕರಿನಲ್ಲಿ 50 ಹರ್ಟ್ಸಿನ ಗುಂಯ್ ಸದ್ದು ಬಂದರೆ ಮೊದಲು ಡಿಶ್ ಕೇಬಲ್ ಕಿತ್ತು ನೋಡು. ಬೇರೆ ಬೇರೆ ದಾರಿಯಲ್ಲಿ ನೆಲ ಸೇರಿದ ಉಪಕರಣಗಳ ನಡುವೆ ಆ ಸದ್ದು ಹುಟ್ಟುತ್ತದೆ. ಸದ್ದು ನಿಲ್ಲಲಿ ಎಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ. ಆ ಕೆಲಸ ಮಾತ್ರ ಮಾಡಬೇಡ, ಜೀವಕ್ಕೆ ಕುತ್ತು.

ಅಮೆರಿಕದಲ್ಲಿರುವ ನಿನ್ನ ಷಡ್ಡಕ ಕಡಿಮೆ ಬೆಲೆಗೆ ಆಂಪ್ ತಂದುಕೊಡುತ್ತಾನೆ ಎಂದೆಯಲ್ಲ. ಅಲ್ಲಿಯದು 120 ವೋಲ್ಟ್. ಹಿಂದಿನ ಫಲಕದಲ್ಲಿ 230 ಎಂದಿಲ್ಲದಿದ್ದರೆ ನಮ್ಮ ಪ್ಲಗ್ಗಿಗೆ ಹಾಕಿದೊಡನೆ ಹೊಗೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಡಬಹುದು, ಆದರೆ ದೊಡ್ಡ ಆಂಪಿಗೆ ಅದೂ ದೊಡ್ಡದೇ ಬೇಕು. ಇಲ್ಲಿ ವಾರಂಟಿಯೂ ಸಿಗುವುದು ಅನುಮಾನ. ಬೆಂಗಳೂರಿನಲ್ಲಿ ಸರ್ವಿಸ್ ಇರುವ ಕಂಪನಿಯದನ್ನೇ ಕೊಳ್ಳು. ಮೂವತ್ತು ಕಿಲೋದ ಪೆಟ್ಟಿಗೆಯನ್ನು ಮುಂಬಯಿಗೆ ರಿಪೇರಿಗೆ ಕಳಿಸುವ ಪಾಡು ಯಾಕೆ?

ಡೆಮೋ ಕೇಳಲು ಹೋದಾಗ ಎರಡು ಆಂಪ್ ಹೋಲಿಸಿದರೆ ಸದ್ದು ಸಮ ಮಾಡಿಸು, ಫೋನಿನ ಮೀಟರ್ ಸಾಕು. ಒಂದು ಡೆಸಿಬೆಲ್ ಜೋರಿದ್ದರೂ ಕಿವಿ ಅದನ್ನೇ ಚೆಂದ ಅನ್ನುತ್ತದೆ, ಮಾರುವವರಿಗೆ ಇದು ಗೊತ್ತು. ಅವರು ಹಾಕುವ ಹೆಲಿಕಾಪ್ಟರು, ಡೈನೋಸಾರಿನ ದೃಶ್ಯ ಬೇಡ. ನಿನಗೆ ಗೊತ್ತಿರುವ ದೃಶ್ಯ ತೆಗೆದುಕೊಂಡು ಹೋಗು. 2022ರ 'ಕಾಂತಾರ'ದ ಕಡೆಯ ಭಾಗ ಹಾಕಿಸು. ದೈವದ ಕೂಗು ಏರಿದಾಗ ಕಿವಿ ಚುಚ್ಚಿದರೆ ಆಂಪ್ ಏದುಸಿರು ಬಿಡುತ್ತಿದೆ, ಇಲ್ಲವೇ ಆ ಕೋಣೆ ಬರಿಗೋಡೆಯದು. ನಿನ್ನ ಕೋಣೆಗೂ ಟೈಲ್ಸು, ಬರಿಗೋಡೆಯೇ ಇದ್ದರೆ ಯಾವ ಆಂಪೂ ಉದ್ಧಾರ ಮಾಡಲಾರದು. ದಪ್ಪ ಪರದೆ, ಜಮಖಾನ, ಪುಸ್ತಕದ ಕಪಾಟು ಮೊದಲು ಬರಲಿ.

ನೆರೆಯವರನ್ನೂ ನೆನೆ. 2000ದ ಶಬ್ದ ಮಾಲಿನ್ಯ ನಿಯಮದಂತೆ ವಸತಿ ಪ್ರದೇಶದ ರಾತ್ರಿಯ ಮಿತಿ 45 ಡೆಸಿಬೆಲ್. ಖಾಸಗಿ ಸೌಂಡ್ ಸಿಸ್ಟಮ್ಮಿನ ಸದ್ದು ನಿನ್ನ ಕಾಂಪೌಂಡಿನ ಅಂಚಿನಲ್ಲಿ ಅದನ್ನು 5ಕ್ಕಿಂತ ಹೆಚ್ಚು ಮೀರಬಾರದು. ಗೋಡೆ ತೂರಿ ಹೋಗುವುದು ಸಬ್‌ವೂಫರಿನ ಗುಡುಗೇ. ಪಕ್ಕದ ಮನೆಯವರು ಬೆಳಗಿನ ಜಾವ ಹಾಲು ಕರೆಯಲು ಏಳುವವರು.

ಈಗ ಒಂದು ಕೆಲಸ ಮಾಡು. ಕೋಣೆಯ ಉದ್ದಗಲ, ಸೋಫಾದ ದೂರ, ನೀನು ಮೆಚ್ಚಿದ ಸ್ಪೀಕರಿನ ಸೆನ್ಸಿಟಿವಿಟಿ ಮತ್ತು ಓಮ್, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ನನಗೆ ಕಳಿಸು. ಎಲೆಕ್ಟ್ರಿಷಿಯನ್ನನ್ನು ಭಾನುವಾರ ಬರಹೇಳು, ನಾನೂ ಬಂದು ನಿಲ್ಲುತ್ತೇನೆ. ಆಂಪ್ಲಿಫಯರಿಗೆ ಇಟ್ಟ ದುಡ್ಡನ್ನು ಅಲ್ಲಿಯವರೆಗೆ ಮುಟ್ಟಬೇಡ. ಲೆಕ್ಕ ಮುಗಿದ ಮೇಲೆ ಅದರಲ್ಲಿ ಅರ್ಧ ಉಳಿದರೆ ಆಶ್ಚರ್ಯವಿಲ್ಲ, ಉಳಿದದ್ದನ್ನು ಸ್ಪೀಕರಿಗೆ ಹಾಕು.

ಇಂತಿ ನಿನ್ನ
ದೊಡ್ಡಪ್ಪ